ಆಪರೇಟರ್ ತಪ್ಪು

ಮಳವಳ್ಳಿ
೯ ಜೂನ್ ೨೦೨೫

ವಾಜಿದ್,

ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ. ಮದ್ದೂರಿಗೆ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ, ಅಷ್ಟಕ್ಕೆ ಅಂಚೆ ಚೀಟಿ ಅಂಟಿಸುತ್ತಾನಲ್ಲ ಈ ಮುದುಕ ಅಂತ ನಗಬೇಡ. ನಿನ್ನ ಹೊಸ ಅಂಗಡಿಯ ವಿಳಾಸವನ್ನು ಹೋಟೆಲ್ ಮುದ್ದಯ್ಯ ಕೊಟ್ಟ. ಕೊಡುವಾಗ ನನ್ನ ಮುಖ ನೋಡಲಿಲ್ಲ.

ವಿಷಯ ಇಷ್ಟೆ. ಏಪ್ರಿಲ್‌ನಲ್ಲಿ ನೀನು ತಂದು ಗೋಡೆಗೆ ಕೂರಿಸಿಕೊಟ್ಟೆಯಲ್ಲ ಟಿವಿ, ಕಂಪ್ಯೂಟರಿಗೂ ನಾನು ಅದನ್ನೇ ಪರದೆ ಮಾಡಿಕೊಂಡಿದ್ದೇನೆ. ತಂತಿ ನಾನೇ ಚುಚ್ಚಿದೆ, ಅಷ್ಟು ನನಗೂ ಬರುತ್ತದೆ. ಆದರೆ ಅಕ್ಷರವೆಲ್ಲ ನೀರಲ್ಲಿ ನೆನೆಸಿದ ಕಡಲೆಯ ಹಾಗೆ ಊದಿಕೊಂಡಿವೆ. ನಾಲ್ಕು ಕಡೆಯೂ ಅಂಚು ಕತ್ತರಿಸಿ ಹೋಗಿದೆ. ಕೆಳಗಿನ ಪಟ್ಟಿ ಕಾಣುವುದೇ ಇಲ್ಲ, ಕಂಪ್ಯೂಟರ್ ಆರಿಸಬೇಕಾದರೆ ಪ್ಲಗ್ಗು ಕೀಳಬೇಕು.

ನಮ್ಮ ಪಿಂಚಣಿದಾರರ ಅರ್ಜಿಗಳನ್ನೆಲ್ಲ ತುಂಬಿಕೊಡುವವನು ನಾನೊಬ್ಬನೇ ಅಂತ ನಿನಗೆ ಗೊತ್ತು. ಮೊನ್ನೆ ಅಂಕಮ್ಮ ಬಂದಿದ್ದಳು, ತೀರಿಹೋದ ನಮ್ಮ ಲೈನ್‌ಮನ್ ಒಬ್ಬನ ಹೆಂಡತಿ. ಅವಳ ಅರ್ಜಿಯನ್ನೆಲ್ಲ ತುಂಬಿದೆ, ಕೊನೆಗೆ ಒತ್ತಬೇಕಾದ ಗುಂಡಿ ಮಾತ್ರ ಪರದೆಯಾಚೆ ಎಲ್ಲೋ ಉಳಿಯಿತು. "ಯಾಕ್ ಜೇಪಣ್ಣ, ಮಿಸನ್ನು ಕೆಟ್ಟೋಗದಾ, ಇಲ್ಲಾ ನಿಂಗೇ ಬರಾಕಿಲ್ವಾ?" ಅಂದಳು. ಮೂವತ್ತೊಂದು ವರ್ಷ ಶಿವನಸಮುದ್ರದ ಪವರ್ ಹೌಸಿನಲ್ಲಿ ಪ್ಯಾನೆಲ್ ಮುಂದೆ ಕೂತವನು ಕೇಳುವ ಮಾತೇ ಇದು?

ಅವತ್ತು ಮುದ್ದಯ್ಯನ ಹೋಟೆಲ್ ಮುಂದೆ ನನ್ನ ಮಾತು ಒಂದು ಚೂರು ಜಾಸ್ತಿಯಾಯಿತು. ನನ್ನ ಬಾಯಿ ನಿನಗೆ ಹೊಸದೇನಲ್ಲ. ಅದನ್ನು ಅಲ್ಲಿಗೇ ಬಿಟ್ಟು ಒಂದು ಸಲ ಬಂದು ನೋಡು. ಬರಲಾಗದಿದ್ದರೆ ಏನು ಮಾಡಬೇಕು ಅಂತಾದರೂ ಬರೆ.

ನಿನ್ನ
ಜೇಪಿ


ಮದ್ದೂರು
೧೯ ಜೂನ್ ೨೦೨೫

ಶ್ರೀ ಜಯಪ್ರಕಾಶ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಮಳವಳ್ಳಿಯ ಕೆಲಸ ನಾನು ಈಗ ಒಪ್ಪಿಕೊಳ್ಳುತ್ತಿಲ್ಲ. ಕೆಳಗೆ ಬರೆದ ಹಾಗೆ ಮಾಡಿ.

೧. ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಗುಂಡಿ ಒತ್ತಿ. ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ "ಡಿಸ್‌ಪ್ಲೇ ಸೆಟ್ಟಿಂಗ್ಸ್" ಒತ್ತಿ.

೨. "ರೆಸಲ್ಯೂಷನ್" ಅಂತ ಇರುವಲ್ಲಿ ೧೦೨೪ ಮತ್ತು ೭೬೮ ಇರಬಹುದು. ಅದು ನಿಮ್ಮ ಹಳೆಯ ಚೌಕದ ಪರದೆಯ ಅಳತೆ. ೧೯೨೦ ಮತ್ತು ೧೦೮೦ ಇರುವುದನ್ನು ಆರಿಸಿ. ಇದೇ ಇರಲೇ ಅಂತ ಕಂಪ್ಯೂಟರ್ ಕೇಳಿ ಹದಿನೈದು ಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ "ಕೀಪ್" ಒತ್ತಬೇಕು. ಒತ್ತದಿದ್ದರೆ ಮೊದಲಿದ್ದ ಹಾಗೇ ಆಗುತ್ತದೆ, ಗಾಬರಿಯಾಗಬೇಡಿ.

೩. ಅಕ್ಷರ ಸ್ಪಷ್ಟವಾಗುತ್ತದೆ, ಆದರೆ ಸಣ್ಣದಾಗುತ್ತದೆ. ಅಲ್ಲೇ ಮೇಲೆ "ಸ್ಕೇಲ್" ಅಂತ ಇದೆ. ಅದನ್ನು ನೂರೈವತ್ತಕ್ಕೆ ಇಡಿ.

೪. ಅಂಚಿನ ವಿಷಯವನ್ನು ಅವತ್ತು ಬೀದಿಯಲ್ಲೇ ಹೇಳಲು ಬಾಯಿ ತೆರೆದಿದ್ದೆ. ನೀವು ಬಿಡಲಿಲ್ಲ. ಎರಡನೇ ಸಲ ಹೇಳುವುದಿಲ್ಲ.

ಪರದೆ ಹೊಸದು. ಡಬ್ಬದ ಮೇಲಿನ ನಂಬರನ್ನೂ ಟಿವಿಯ ಬೆನ್ನಿನ ನಂಬರನ್ನೂ ಹೊಂದಿಸಿ ನೋಡಿಕೊಳ್ಳಿ.

ಇಂತಿ,
ವಾಜಿದ್
ಟಿವಿ ಮತ್ತು ಕಂಪ್ಯೂಟರ್ ರಿಪೇರಿ


ಮಳವಳ್ಳಿ
೨೩ ಜೂನ್ ೨೦೨೫

ವಾಜಿದ್,

ಏನಯ್ಯಾ ಇದು, "ಶ್ರೀ ಜಯಪ್ರಕಾಶ್ ಅವರಿಗೆ"? ಅಂಚೆಯವನು ಯಾರದೋ ಕಾಗದ ಕೊಟ್ಟನೇನೋ ಅಂತ ಲಕೋಟೆ ತಿರುಗಿಸಿ ನೋಡಿದೆ. ನನ್ನ ಮಗಳು ಚಂದನಾಳ ಮದುವೆಯಲ್ಲಿ ಬೀಗರ ಎದುರಿಗೇ "ಲೇ ಜೇಪಿ, ಪಂಚೆ ಸರಿಯಾಗ್ ಉಟ್ಕಳ್ಳಾ" ಅಂದವನು ನೀನು. ಆ ಬಾಯಿಗೆ "ನೀವು" ಅನ್ನೋದು ಹೇಗಯ್ಯಾ ಬಂತು? ನನಗಂತೂ ಓದಿ ಮೈಯೆಲ್ಲ ಒಂಥರಾ ಆಯಿತು.

ಒಂದು ಎರಡು ಮೂರು ಮಾಡಿದೆ. ಮೊದಲ ಸಲ ಹದಿನೈದು ಸೆಕೆಂಡೂ ಕನ್ನಡಕ ಹುಡುಕುವುದರಲ್ಲೇ ಹೋಯಿತು. ಎರಡನೇ ಸಲ ಒತ್ತಿದೆ. ಅಕ್ಷರ ಸ್ಪಷ್ಟವಾಗಿದೆ, ಒಪ್ಪಿದೆ. ನಂಬರೂ ಹೊಂದಿತು, ಅದನ್ನೂ ಒಪ್ಪಿದೆ. ಆದರೆ ಅಂಚು ಹಾಗೇ ಇದೆ. ಅಂಕಮ್ಮನ ಗುಂಡಿ ಇನ್ನೂ ಕಾಣುತ್ತಿಲ್ಲ.

ಕಂಪ್ಯೂಟರ್ ಹಾಕಿದ ಕೂಡಲೇ ಬರಲಿ ಅಂತ ಮುತ್ತತ್ತಿಯ ಫೋಟೋ ಇಟ್ಟುಕೊಟ್ಟಿದ್ದೆಯಲ್ಲ, ಹಳೇ ಪರದೆಯಿದ್ದಾಗ? ತೊಂಬತ್ತನಾಲ್ಕರದ್ದು. ನಾನು ನಡುವೆ, ಮಂಡಿವರೆಗೂ ಹೊಳೆಯಲ್ಲಿ. ನನ್ನ ಎಡಗಡೆ ದಡದಲ್ಲಿ ನೀನಿರಬೇಕು. ಈಗ ನಿನ್ನ ಮೊಣಕೈ ಒಂದೇ ಕಾಣುತ್ತದೆ. ದಿನಾ ಬೆಳಗ್ಗೆ ಆ ಮೊಣಕೈ ನೋಡಿಕೊಂಡು ಅರ್ಜಿ ತುಂಬುತ್ತಿದ್ದೇನೆ.

ನಾಲ್ಕನೆಯದು ಏನು ಅಂತ ಹೇಳಿಬಿಡಯ್ಯಾ. ಅವತ್ತು ನೀನು ಲೋಟ ಕೆಳಗಿಟ್ಟು "ಮೊದ್ಲು ರಿ" ಅಂದೆ, ಅಷ್ಟರಲ್ಲಿ ನಾನು ಬಾಯಿ ಹಾಕಿದೆ. ರಿಪೇರಿ ಮಾಡಿಕೊಡುತ್ತೇನೆ ಅಂತ ಹೊರಟೆ ಅಂದುಕೊಂಡೆ. ಹೊಸ ಮಾಲಿಗೆ ರಿಪೇರಿ ಯಾಕೆ ಅಂತಲೇ ನನಗೆ ರೇಗಿದ್ದು. ಅದು ತಪ್ಪೇ?

ಜೇಪಿ


ಮದ್ದೂರು
೨ ಜುಲೈ ೨೦೨೫

ಜಯಪ್ರಕಾಶ್ ಅಂಕಲ್‌ಗೆ,

ನಾನು ಸಿದ್ದೀಕಾ, ವಾಜಿದ್ ಅವರ ಮಗಳು. ಮೊದಲಾಗಿದ್ದರೆ "ಜೇಪಿ ಮಾಮ" ಅಂತ ಬರೆಯುತ್ತಿದ್ದೆ. ಇವತ್ತು ಕೈ ಬರಲಿಲ್ಲ. ಅಬ್ಬಾಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ, ದಯವಿಟ್ಟು ಅವರಿಗೆ ಹೇಳಬೇಡಿ.

ನಿಮ್ಮ ಎರಡು ಕಾಗದವನ್ನೂ ಓದಿದೆ. ಮಾತು ಒಂದು ಚೂರು ಜಾಸ್ತಿಯಾಯಿತು ಅಂತ ಬರೆದಿದ್ದೀರಿ. ಯಾವ ಮಾತು ಅಂತ ಎಲ್ಲೂ ಬರೆದಿಲ್ಲ. ನಾನೇ ಬರೆಯುತ್ತೇನೆ. "ಹಳೇದ್ನ ಹೊಸ್ದು ಅಂತ ತಲೆಗ್ ಕಟ್ಟಿದ್ಯಲ್ಲೋ, ನಿಮ್ಮೋರ ಬುದ್ಧಿನೇ ಇಷ್ಟು." ಹೋಟೆಲಿನಲ್ಲಿ ಹದಿನೇಳು ಜನ ಇದ್ದರಂತೆ. ಅಬ್ಬಾ ಎಣಿಸಿದ್ದಾರೆ.

ಅಂದು ಮನೆಗೆ ಬಂದು ಅಮ್ಮಿಗೆ ಒಂದೇ ಮಾತು ಹೇಳಿದರು. "ಕಳ್ಳ ಅಂದಿದ್ರೆ ನನ್ನನ್ನ ಅಂದ ಅನ್ಕೋತಿದ್ದೆ, ವಾಪಸ್ ಬೈದು ಬರ್ತಿದ್ದೆ" ಅಂತ. ಆಮೇಲೆ ಊಟ ಮಾಡಲಿಲ್ಲ. ಆ ವಾರದಲ್ಲೇ ಇಬ್ಬರು ರಿಪೇರಿಗೆ ಬಿಟ್ಟಿದ್ದ ಟಿವಿಗಳನ್ನು ಹಾಗೇ ವಾಪಸ್ ಎತ್ತಿಕೊಂಡು ಹೋದರು. ಆದರೆ ಮಳವಳ್ಳಿಯ ಅಂಗಡಿ ಮುಚ್ಚಿ ಇಲ್ಲಿಗೆ ಬಂದದ್ದು ಅದಕ್ಕಲ್ಲ. ನೀವು ಇಪ್ಪತ್ತೆರಡು ವರ್ಷ ದಿನಾ ಬಂದು ಕೂರುತ್ತಿದ್ದ ಸ್ಟೂಲನ್ನು ನೋಡಿಕೊಂಡು ಕೆಲಸ ಮಾಡಕ್ಕಾಗಲ್ಲ ಅಂದರು.

ಇನ್ನೊಂದು ವಿಷಯ. ಅಬ್ಬಾ ನಿಮಗೆ ಬರೆದ ಕಾಗದ ನಾಲ್ಕು ಸಲ ಹರಿದು ಬರೆದದ್ದು. ಸ್ಕೇಲ್ ನೂರಿಪ್ಪತ್ತೈದು ಅಂತ ಬರೆದು, "ಅವ್ನ ಕನ್ನಡಕಕ್ಕೆ ಸಾಲಲ್ಲ" ಅಂತ ನೂರೈವತ್ತು ಮಾಡಿದರು. ಮೊದಲು ಹರಿದ ಹಾಳೆಯಲ್ಲಿ "ಲೇ ಜೇಪಿ" ಅಂತಲೇ ಇತ್ತು.

ಸಿದ್ದೀಕಾ


ಮಳವಳ್ಳಿ
೨೧ ಜುಲೈ ೨೦೨೫

ವಾಜಿದ್,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಹೋದ ಸೋಮವಾರ ಟಿವಿಯನ್ನು ಗೋಡೆಯಿಂದ ಇಳಿಸಿ, ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಂಡ್ಯಕ್ಕೆ ಹೋದೆ. ನಿಜ ಹೇಳಲೇ? ನಾನೇ ಸರಿ ಅಂತ ಯಾರಾದರೂ ಹೇಳಲಿ ಅಂತಲೇ ಹೋದದ್ದು. ಇದು ಹಳೇ ಮಾಲು ಸಾರ್ ಅಂತ ಒಬ್ಬರು ಅಂದುಬಿಟ್ಟರೆ ಸಾಕು, ರಾತ್ರಿ ನಿದ್ದೆ ಬರುತ್ತದೆ ಅಂತ ಆಸೆ. ಅಂಥ ಆಸೆ ಇಟ್ಟುಕೊಂಡು ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತಿದ್ದೆ, ಥೂ.

ರಿಪೇರಿ ಅಂಗಡಿಯಲ್ಲಿ ದೀಪಿಕ ಅಂತ ಒಬ್ಬಾಕೆ ಇದ್ದಳು. ನಮ್ಮ ಚಂದನಾಳ ವಯಸ್ಸು. ಟಿವಿಗೆ ತನ್ನ ಲ್ಯಾಪ್‌ಟಾಪ್ ಚುಚ್ಚಿ ಒಂದು ಸಲ ನೋಡಿದಳು. "ರಿಮೋಟ್ ತಂದಿದೀರಾ ಸಾರ್?" ಅಂದಳು. ಜೇಬಿನಿಂದ ಕೊಟ್ಟೆ, ಪ್ಲಾಸ್ಟಿಕ್ ಕವರಿನ ಸಮೇತ. ಒಂದು ಗುಂಡಿ ಎರಡು ಸಲ ಒತ್ತಿದಳು. ನಾಲ್ಕೂ ಅಂಚು ಒಳಗೆ ಬಂದವು. ಕೆಳಗಿನ ಪಟ್ಟಿ ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ ಕಣಯ್ಯಾ.

"ಇದು ಜೂಮಲ್ಲಿತ್ತು ಸಾರ್, ಯಾರೋ ಒತ್ಬಿಟ್ಟಿದಾರೆ. ಮನೇಲಿ ಚಿಕ್ಕ ಮಕ್ಕಳಿದಾವಾ?" ಅಂದಳು. ನಾನು "ಹೂಂ ಕಣಮ್ಮ, ಮಕ್ಳು" ಅಂದೆ. ಅಲ್ಲೂ ಸುಳ್ಳು ಹೇಳಿದೆ. ಈ ವಯಸ್ಸಿನಲ್ಲಿ, ಮನೆಯಲ್ಲಿಲ್ಲದ ಮಕ್ಕಳ ಮೇಲೆ ಹಾಕಿ ಬಂದೆ.

ಒತ್ತಿದವನು ನಾನು. ನೀನು ಟಿವಿ ಕೂರಿಸಿ ಹೋದ ಮಾರನೇ ದಿನ ಸಂಜೆ ಒಂದು ಹಳೇ ಕಪ್ಪು ಬಿಳುಪು ಸಿನಿಮಾ ಬರುತ್ತಿತ್ತು. ಎರಡೂ ಕಡೆ ಕಪ್ಪು ಪಟ್ಟಿ. ಇಷ್ಟು ದೊಡ್ಡ ಪರದೆ ತಂದು ಖಾಲಿ ಬಿಡುವುದೇ ಅಂತ ರಿಮೋಟಿನಲ್ಲಿ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ಪರದೆ ತುಂಬಿತು, ಖುಷಿಯಾಯಿತು, ಮರೆತೆ. ಸಿನಿಮಾದಲ್ಲಿ ಅಂಚು ಹೋದದ್ದು ಯಾರಿಗೆ ಗೊತ್ತಾಗುತ್ತದೆ? ಕಂಪ್ಯೂಟರ್ ಹಾಕಿದ ಮೇಲೆ ಗೊತ್ತಾಯಿತು, ಆಗ ನಿನ್ನ ಕೊರಳಪಟ್ಟಿಗೆ ಕೈ ಹಾಕಿದೆ.

ನೀನು ಅವತ್ತು "ಮೊದ್ಲು ರಿ" ಅಂದದ್ದು ರಿಪೇರಿಯಲ್ಲ. ರಿಮೋಟು. "ಮೊದ್ಲು ರಿಮೋಟ್ ನೋಡ್ಲಾ" ಅನ್ನಲು ಹೊರಟಿದ್ದೆ. ಇನ್ನೆರಡು ಅಕ್ಷರ ಹೇಳಲು ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಬಿಡಲಿಲ್ಲ. "ನಿಮ್ಮೋರ ಬುದ್ಧಿನೇ ಇಷ್ಟು" ಅಂದೆ. ಇದೋ, ಮೊದಲ ಸಲ ನನ್ನ ಕೈಯಿಂದ ಬರೆದೆ. ಬರೆದಾಗ ಇದು ಇನ್ನೂ ಹೊಲಸಾಗಿ ಕಾಣುತ್ತದೆ. ಇಷ್ಟು ವರ್ಷ ನಾವು ಒಂದೇ ಎಲೆಯಲ್ಲಿ ಉಂಡವರು, ಯಾವತ್ತೂ ನಿನ್ನನ್ನು ಯಾರೋ "ಅವರು" ಅಂದುಕೊಂಡಿರಲಿಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಅಂದುಕೊಂಡಿರದಿದ್ದರೆ ಅಷ್ಟು ಸಲೀಸಾಗಿ ಬಾಯಿಗೆ ಹೇಗೆ ಬಂತು?

ಕಂಪ್ಯೂಟರೂ ಹದಿನೈದು ಸೆಕೆಂಡ್ ಕೊಡುತ್ತದೆ, ಬೇಡವಾದರೆ ವಾಪಸ್ ತಗೋ ಅಂತ. ನನಗೂ ಇತ್ತು. ನೀನು ಲೋಟ ತೊಳೆಯುವ ಕಡೆ ಇಟ್ಟು, ಚೀಲ ಹೆಗಲಿಗೆ ಹಾಕಿ, ಸ್ಕೂಟರ್ ಒದೆಯುವವರೆಗೂ ಇತ್ತು. ನಾನು ಮೀಸೆ ತಿರುವಿಕೊಂಡು ನಿಂತಿದ್ದೆ.

ಪವರ್ ಹೌಸಿನಲ್ಲಿ ನಮಗೆ ಒಂದು ಫಾಲ್ಟ್ ರಿಜಿಸ್ಟರ್ ಇತ್ತು ಅಂತ ನಿನಗೆ ಎಷ್ಟೋ ಸಲ ಹೇಳಿ ಕೊಚ್ಚಿಕೊಂಡಿದ್ದೇನೆ. ಯಂತ್ರ ನಿಂತರೆ ಗಂಟೆ, ದೋಷ, ಕಾರಣ, ಸಹಿ. ಕಾರಣದ ಕಡೆ ಯಂತ್ರ ದೋಷ ಅಂತಲೋ ಮಳೆ ಸಿಡಿಲು ಅಂತಲೋ ಆಪರೇಟರ್ ತಪ್ಪು ಅಂತಲೋ ಬರೆಯಬೇಕು. ಮೂವತ್ತೊಂದು ವರ್ಷದಲ್ಲಿ ನನ್ನ ಹೆಸರಿನ ಮುಂದೆ ಒಂದು ಸಲವೂ ಆಪರೇಟರ್ ತಪ್ಪು ಬಿದ್ದಿಲ್ಲ ಅಂತ ಬೀಳ್ಕೊಡುಗೆಯಲ್ಲಿ ಹಾರ ಹಾಕಿದ್ದರು. ಇವತ್ತು ಬರೆಯುತ್ತಿದ್ದೇನೆ. ಕಾರಣ, ಆಪರೇಟರ್ ತಪ್ಪು. ಸಹಿ, ಜಯಪ್ರಕಾಶ್.

ಮನೆಗೆ ಬಂದು ಕಂಪ್ಯೂಟರ್ ಹಾಕಿದೆ. ಮುತ್ತತ್ತಿ ಫೋಟೋ ಪೂರ್ತಿ ಬಂತು, ನೀನೂ ಬಂದೆ. ನಿನ್ನ ಕೈಯಲ್ಲಿ ಏನಿದೆ ಅಂತ ನಾನು ಮರೆತೇಬಿಟ್ಟಿದ್ದೆ. ನಾನು ನೀರಲ್ಲಿ ರಾಜನ ಹಾಗೆ ನಿಂತಿದ್ದೇನೆ, ನೀನು ದಡದಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡಿದ್ದೀಯ. ಅದನ್ನು ನೋಡಿ ಪ್ಲಗ್ಗು ಕಿತ್ತೆ.

ಕ್ಷಮಿಸು ಅಂತ ಕೇಳುವುದಕ್ಕೂ ನಾಚಿಕೆ. ಆದರೂ ಕೇಳುತ್ತಿದ್ದೇನೆ.

ಜಯಪ್ರಕಾಶ್


ಮದ್ದೂರು
೩೦ ಜುಲೈ ೨೦೨೫

ಶ್ರೀ ಜಯಪ್ರಕಾಶ್ ಅವರಿಗೆ,

ಅಂಚು ಸರಿಯಾಯಿತು ಅಂತ ತಿಳಿಯಿತು. ಅಂಕಮ್ಮನವರ ಅರ್ಜಿಯನ್ನು ಮೊದಲು ಕಳಿಸಿ.

ನಿಮ್ಮ ಕಾಗದ ಮೂರು ಸಲ ಓದಿದೆ. ಓದಿದವನು ನಾನೊಬ್ಬನೇ. ಅವತ್ತು ಕೇಳಿದವರು ಹದಿನೇಳು ಜನ. ಅಂದದ್ದು ಬೀದಿಯಲ್ಲಿ, ವಾಪಸ್ ತಗೊಂಡದ್ದು ಲಕೋಟೆಯಲ್ಲಿ. ಇದನ್ನು ಎಲ್ಲಿಡಬೇಕೋ ನನಗೆ ಗೊತ್ತಾಗುತ್ತಿಲ್ಲ.

ಇಂತಿ,
ವಾಜಿದ್


ಮಳವಳ್ಳಿ
೧೮ ಆಗಸ್ಟ್ ೨೦೨೫

ವಾಜಿದ್,

ಅಂಕಮ್ಮನ ಅರ್ಜಿ ಹೋಯಿತು.

ನಿನ್ನ ಕಾಗದ ಬಂದ ಮೇಲೆ ಹದಿನೈದು ದಿನ ಮುದ್ದಯ್ಯನ ಹೋಟೆಲ್ ಮುಂದೆ ಹಾದುಹೋದೆ, ಒಳಗೆ ಕಾಲಿಡಲಿಲ್ಲ. ಒಂದು ದಿನ ಜನ ಕಡಿಮೆ ಇದ್ದಾರೆ ಅಂತ ನೆಪ, ಇನ್ನೊಂದು ದಿನ ಜಾಸ್ತಿ ಇದ್ದಾರೆ ಅಂತ ನೆಪ. ನಿನ್ನೆ ಭಾನುವಾರ ಬೆಳಗ್ಗೆ ಏಳೂವರೆಗೆ ಒಳಗೆ ಹೋದೆ. ಹೆಚ್ಚೂಕಮ್ಮಿ ಅವತ್ತಿನವರೇ ಇದ್ದರು.

ಮನೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು. "ಒಂದ್ ಮಾತ್ ಹೇಳ್ಬೇಕು ಕಣ್ರಪ್ಪಾ" ಅಂದೆ. ಮುದ್ದಯ್ಯ ರೇಡಿಯೋ ಆರಿಸಿದ. "ವಾಜಿದ್ ಕೊಟ್ಟಿದ್ದು ಹೊಸ ಟಿವಿನೇ. ರಿಮೋಟ್ ಒತ್ತಿ ಕೆಡಿಸ್ಕಂಡೋನು ನಾನು. ಅವತ್ತು ಇಲ್ಲೇ ನಿಂತ್ಕಂಡು ಅವ್ನ ಜನಾನೆಲ್ಲ ಸೇರಿಸಿ ಬಾಯಿಗ್ ಬಂದಂಗೆ ಅಂದೆ. ನಾನಂದಿದ್ದು ಹೊಲಸು ಮಾತು" ಅಂದೆ.

ಆಮೇಲೆ ಗೊಬ್ಬರದಂಗಡಿ ರವಿಚಂದ್ರ ನಕ್ಕುಬಿಟ್ಟ. "ಬುಡು ಜೇಪಣ್ಣ, ಇದೊಂದ್ಸಲ ಅವುನ್ದು ತಪ್ಪಿಲ್ದೆ ಇರಬೋದು. ನೀನಂದಿದ್ರಲ್ಲಿ ಸುಳ್ಳೇನದೆ? ಅವ್ರೆಲ್ಲಾ ಅಂಗೇಯ" ಅಂದ. ಅಂದು, ಬಾ ಕೂತ್ಕೋ ಅಂತ ಬೆಂಚಿನಲ್ಲಿ ಜಾಗ ಮಾಡಿಕೊಟ್ಟ. ನಾಲ್ಕು ಜನ ತಲೆಯಾಡಿಸಿದರು.

ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ವಾಜಿದ್. ನನಗೆ ಜಾಗ ಮಾಡಿಕೊಟ್ಟರು. ಅವತ್ತೂ ಹೀಗೇ ಜಾಗ ಮಾಡಿಕೊಟ್ಟಿದ್ದರು, ನೀನು ಸ್ಕೂಟರ್ ಹತ್ತಿ ಹೋದ ಮೇಲೆ. ಅವತ್ತು ನಾನು ಕೂತು ಕಾಫಿ ಕುಡಿದಿದ್ದೆ.

"ಆ ಮಾತು ನಂದು ಕಣಯ್ಯಾ ರವಿ. ನೀನ್ ಎತ್ಕಬ್ಯಾಡ" ಅಂದೆ. "ಸುಳ್ಳೇನದೆ ಅಂದ್ಯಲ್ಲ, ಪೂರಾ ಸುಳ್ಳು. ಅದ್ನ ಹೇಳಾಕೇ ಬಂದಿವ್ನಿ." ರವಿಚಂದ್ರ ತಟ್ಟೆ ಬಿಟ್ಟು ಎದ್ದುಹೋದ, ಇಬ್ಬರು ಅವನ ಹಿಂದೆ ಹೋದರು. ಇವತ್ತು ರಸ್ತೆಯಲ್ಲಿ ಎದುರಾದ, ಕಂಡರೂ ಕಾಣದವನ ಹಾಗೆ ಹೋದ. ಹೋಗಲಿ.

ಫಾಲ್ಟ್ ರಿಜಿಸ್ಟರಿನ ಹಾಗೇ ಗೆರೆ ಎಳೆದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಗಂಟೆ, ದೋಷ, ಕಾರಣ, ಸಹಿ. ಮುದ್ದಯ್ಯ ಅದನ್ನು ತಿಂಡಿಯ ಬೋರ್ಡಿನ ಪಕ್ಕ ಅನ್ನದ ಅಗುಳಿನಲ್ಲೇ ಅಂಟಿಸಿದ. ತಿಂಡಿ ಏನಿದೆ ಅಂತ ನೋಡುವವರೆಲ್ಲ ಅದನ್ನೂ ನೋಡುತ್ತಾರೆ.

ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ. "ನೀವು" ಅಂತಲೇ ಇದ್ದರೂ ಸರಿ. ಅದು ನನಗೆ ತಕ್ಕದ್ದೇ.

ಜಯಪ್ರಕಾಶ್


ಮದ್ದೂರು
೨೮ ಆಗಸ್ಟ್ ೨೦೨೫

ಲೇ ಜೇಪಿ,

ಹಾಳೆಯ ಫೋಟೋ ತೆಗೆದು ಮುದ್ದಯ್ಯ ಮೊಬೈಲಿಗೆ ಕಳಿಸಿದ. "ತಪ್ಪು" ಅನ್ನುವುದಕ್ಕೆ ಒತ್ತು ಬಿಟ್ಟಿದ್ದೀಯ, "ಆಪರೇಟರ್ ತಪು" ಅಂತ ಇದೆ. ತಪ್ಪನ್ನೂ ನೆಟ್ಟಗೆ ಬರೆಯಲು ಬರಲಿಲ್ಲವಲ್ಲೋ ನಿನಗೆ.

ಸಿದ್ದೀಕಾಗೆ ತೋರಿಸಿದೆ. ಓದಿ, ಮೊಬೈಲ್ ವಾಪಸ್ ಕೊಟ್ಟು ಒಳಗೆ ಹೋದಳು. ನಾನೂ ಮರೆತೆ ಅಂತ ಬರೆಯುವುದಿಲ್ಲ. ಬೆಳಗ್ಗೆ ಶಟರ್ ಎತ್ತುವಾಗ ಆ ಮಾತು ಒಂದೊಂದು ದಿನ ಇನ್ನೂ ಕಿವಿಗೆ ಬೀಳುತ್ತದೆ. ಮಳವಳ್ಳಿಗೆ ವಾಪಸ್ ಬರುವುದಿಲ್ಲ, ಅಂಗಡಿ ಇನ್ನು ಇಲ್ಲೇ. ನಿನ್ನ ಸ್ಟೂಲು ಮಾತ್ರ ಅಲ್ಲಿ ಬಿಡಲು ಮನಸ್ಸಾಗದೆ ತಂದಿದ್ದೇನೆ, ಮೂಲೆಯಲ್ಲಿದೆ.

ನಿನ್ನ ರಿಜಿಸ್ಟರಿನಲ್ಲಿ ಇನ್ನೊಂದು ತಿದ್ದಬೇಕು. ಮುತ್ತತ್ತಿ ಫೋಟೋದಲ್ಲಿ ನನ್ನ ಕೈಯಲ್ಲಿರುವ ಚಪ್ಪಲಿ ನಿನ್ನವಲ್ಲ. ನಿನ್ನವನ್ನು ಅಷ್ಟೊತ್ತಿಗಾಗಲೇ ಹೊಳೆ ಎಳೆದುಕೊಂಡು ಹೋಗಿತ್ತು, ನೀನು ಅಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದೆ. ಮರಳು ಕಾದಿತ್ತು, ದಡಕ್ಕೆ ಬಂದರೆ ಕಾಲು ಸುಡುತ್ತದಲ್ಲ ಅಂತ ನನ್ನವನ್ನು ಬಿಚ್ಚಿ ಹಿಡಿದು ಕಾಯುತ್ತಿದ್ದೆ. ಅವನ್ನೇ ಹಾಕಿಕೊಂಡು ನೀನು ಬಸ್ಸಿನವರೆಗೂ ಬಂದೆ. ನಾನು ಬರಿಗಾಲಲ್ಲಿ ಹಿಂದೆ ಬಂದೆ. ಅದನ್ನೂ ಮರೆತಿದ್ದೀಯ.

ಆ ಚಪ್ಪಲಿಯನ್ನು ನೀನು ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಮನೆಯಲ್ಲೇ ಇರುತ್ತೇನೆ. ತಂದ್ಕೊಡು ಕಣ್ಲಾ.

ವಾಜಿದ್